ಕ್ಯೂಬಾ ಜನರ ಪರಂಪರಾಗತ ಹಬ್ಬಗಳು: ಒಂದು ಚಾರಿತ್ರಿಕ ಅವಲೋಕನ

ಕರಿಬಿಯನ್ ಸಮುದ್ರದ ದ್ವೀಪಗಳಲ್ಲೆಲ್ಲ ದೊಡ್ಡದಾದ ಕ್ಯೂಬಾ ಸಕ್ಕರೆಗೂ ಹೊಗೆಸೊಪ್ಪಿಗೂ ಹೆಸರಾಂತ ನಾಡು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದು ಕ್ರಾಂತಿಗೂ ಹೆಸರಾಯಿತು. ಆದರೆ ಆ ನಾಡಿನ ಹಬ್ಬಹರಿದಿನಗಳ ವಿಚಾರ ನಮ್ಮ ಕನ್ನಡ ಓದುಗರ ಕಿವಿಗೆ ಬಿದ್ದದ್ದು ಕಡಿಮೆಯೆಂದೇ ಹೇಳಬೇಕು. 1492ರ ಅಕ್ಟೋಬರ್ ತಿಂಗಳಲ್ಲಿ ಕೊಲಂಬಸನು ಆ ತೀರವನ್ನು ಮುಟ್ಟಿದನು. 1511ರಿಂದ ಮೊದಲ್ಗೊಂಡು ದಿಯೇಗೊ ವೆಲಾಸ್ಕೆಸ್ ಎಂಬ ಸ್ಪೇನಿನ ದಳಪತಿ ಅಲ್ಲಿ ಒಂದೊಂದಾಗಿ ಊರುಗಳನ್ನು ಸ್ಥಾಪಿಸುತ್ತ ನಡೆದನು. ಊರಿಗೊಂದು ಚೌಕ, ಚೌಕಕ್ಕೊಂದು ದೇವಾಲಯ, ದೇವಾಲಯಕ್ಕೊಬ್ಬ ಪಾಲಕ ಸಂತರು ಎಂಬುದು ಸ್ಪೇನಿನವರ ಪದ್ಧತಿ. ಹೀಗಾಗಿ ಧರ್ಮಸಭೆಯ ಪಂಚಾಂಗವೇ ಊರಿನ ಪಂಚಾಂಗವಾಯಿತು.

ಪಂಚಾಂಗವನ್ನು ಗೊತ್ತುಮಾಡಿದವರು ಗುರುಗಳು ಮತ್ತು ಅಧಿಕಾರಿಗಳು. ಆ ದಿನಗಳಿಗೆ ಹಾಡು, ಕುಣಿತ, ವೇಷ, ಊಟ, ಹರಕೆಗಳನ್ನು ತುಂಬಿದವರು ಕಬ್ಬಿನ ಗದ್ದೆಯ ಗುಲಾಮರು, ಕೂಲಿಕಾರರು, ಕೇರಿಯ ಹೆಂಗಸರು ಮಕ್ಕಳು. ಹಬ್ಬವೊಂದು ಯಾರಿಗೆ ಸೇರಿದ್ದು? ಗುರುಗಳಿಗೋ, ಆಳುವವರಿಗೋ, ಆಚರಿಸುವ ಜನರಿಗೋ? ಈ ಪ್ರಶ್ನೆ ಕ್ಯೂಬಾದಲ್ಲಿ ಶತಮಾನಗಳ ಉದ್ದಕ್ಕೂ ಮತ್ತೆ ಮತ್ತೆ ಎದ್ದಿದೆ. ಒಮ್ಮೆಯಂತೂ ಅದಕ್ಕಾಗಿ ಬೀದಿಯಲ್ಲಿ ರಕ್ತ ಹರಿದದ್ದೂ ಉಂಟು. ಆ ಚರಿತ್ರೆಯ ಕೆಲವು ಪುಟಗಳನ್ನು ಇಲ್ಲಿ ತೆರೆದು ನೋಡೋಣ.

ದ್ವೀಪದ ನಡುಭಾಗದಲ್ಲಿ, ಉತ್ತರ ಕರಾವಳಿಗೆ ಸಮೀಪದಲ್ಲಿ, ರೆಮೆದಿಯೋಸ್ ಎಂಬ ಪುಟ್ಟ ಪಟ್ಟಣವಿದೆ. ಸಾನ್ ಹ್ವಾನ್ ಬೌತಿಸ್ತಾ ದೆ ಲೋಸ್ ರೆಮೆದಿಯೋಸ್ ಎಂಬುದು ಅದರ ಪೂರ್ಣನಾಮ. ನಮ್ಮ ಹಿರಿಯರು ಸ್ನಾನಿಕ ಅರುಳಪ್ಪನೆಂದು ಕರೆಯುತ್ತಿದ್ದ ಸಂತರ ಹೆಸರಿನ ಊರು ಅದು. ಅಲ್ಲಿ ಒಂದೇ ಚೌಕದ ಅಂಚಿನಲ್ಲಿ ಎರಡು ದೇವಾಲಯಗಳಿವೆ. ಈ ಊರಿನವರು ಗುರುಗಳ ಮಾತನ್ನು ಕೇಳುವುದರಲ್ಲಿಯೂ ಕೇಳದಿರುವುದರಲ್ಲಿಯೂ ಸಮಾನ ಹಟದವರೆಂಬುದಕ್ಕೆ ಒಂದು ಹಳೆಯ ಪ್ರಸಂಗವುಂಟು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಕಡಲುಗಳ್ಳರ ಹಾವಳಿ ಮಿತಿಮೀರಿದ್ದಾಗ, ಅಲ್ಲಿನ ವಿಚಾರಣಾ ಗುರುಗಳಾದ ಹೋಸೆ ಗೊನ್ಸಾಲೆಸ್ ದೆ ಲಾ ಕ್ರೂಸ್ ಅವರು, ಊರಿನಲ್ಲಿ ಪಿಶಾಚಿಗಳ ದಂಡೇ ಸೇರಿಕೊಂಡಿದೆ, ಆದ್ದರಿಂದ ಎಲ್ಲರೂ ಒಳನಾಡಿಗೆ ಹೊರಡಬೇಕು ಎಂದು ಸಾರಿದರು. ಕೆಲವು ಕುಟುಂಬಗಳು ಹೊರಟು 1689ರಲ್ಲಿ ಸಾಂತಾ ಕ್ಲಾರಾ ನಗರವನ್ನು ಕಟ್ಟಿದವು. ಉಳಿದವರು ಮನೆಗಳಿಗೆ ಬೆಂಕಿ ಬಿದ್ದರೂ ಜಗ್ಗದೆ ಅಲ್ಲೇ ನಿಂತರು. ಕ್ಯೂಬಾದ ಮಹಾವಿದ್ವಾಂಸ ಫೆರ್ನಾಂದೊ ಓರ್ತಿಸ್ ಅವರು ಈ ಜಗಳವೊಂದನ್ನೇ ವಸ್ತುವಾಗಿರಿಸಿಕೊಂಡು 1959ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ಅದಾಗಿ ನೂರಮೂವತ್ತು ವರ್ಷಗಳ ತರುವಾಯ, 1820ರ ಸುಮಾರಿಗೆ, ಇದೇ ದೇವಾಲಯದಲ್ಲಿ ಫ್ರಾನ್ಸಿಸ್ಕೊ ವಿಹಿಲ್ ದೆ ಕಿನ್ಯೋನೆಸ್ ಎಂಬ ಗುರುಗಳಿದ್ದರು. ಡಿಸೆಂಬರ್ 16ರಿಂದ 24ರ ವರೆಗೆ ಒಂಬತ್ತು ದಿನ, ಇನ್ನೂ ಕತ್ತಲಿರುವಾಗಲೇ, ಕ್ರಿಸ್ತಜಯಂತಿಯ ಸಿದ್ಧತೆಯ ಬಲಿಪೂಜೆಗಳನ್ನು ಅರ್ಪಿಸುವುದು ಸ್ಪೇನಿನ ರೂಢಿ. ಕ್ಯೂಬಾದಲ್ಲಿ ಡಿಸೆಂಬರೆಂದರೆ ಚಳಿಯ ತಿಂಗಳು. ನಮಗೆ ಅದು ಚಳಿಯೆನಿಸಲಾರದು. ಆದರೆ ಉಷ್ಣವಲಯದ ಜನರಿಗೆ ಅಷ್ಟೇ ಸಾಕು, ಹೊದಿಕೆ ಬಿಟ್ಟು ಏಳಲು ಮನಸ್ಸಾಗದು. ದೇವಾಲಯದ ಪೀಠಗಳು ಬರಿದಾಗಿ ಉಳಿಯುತ್ತಿದ್ದುದನ್ನು ಕಂಡ ಗುರುಗಳು ಒಂದು ಉಪಾಯ ಹೂಡಿದರು. ಊರಿನ ಹುಡುಗರನ್ನು ಕೂಡಿಸಿ, ಅವರ ಕೈಗೆ ಕಲ್ಲು ತುಂಬಿದ ತಗಡಿನ ಡಬ್ಬಿಗಳು, ಪೀಪಿಗಳು, ಕೊಂಬುಗಳು, ಒಡಕು ಪಾತ್ರೆಗಳನ್ನು ಕೊಡಿಸಿ, ಬೀದಿ ಬೀದಿ ತಿರುಗಿ ಗದ್ದಲವೆಬ್ಬಿಸಿರೆಂದು ಕಳುಹಿಸಿದರು. ಇಂಥ ಅಪ್ಪಣೆಯನ್ನು ಯಾವ ಊರಿನ ಹುಡುಗರು ತಾನೆ ಮೀರಿಯಾರು?

ಊರು ಎದ್ದಿತು. ಎದ್ದವರೆಲ್ಲರೂ ಪೂಜೆಗೆ ಬಂದರೆಂದು ಹೇಳುವಂತಿಲ್ಲ. ಕೆಲವರು ಬಯ್ಯಲೆಂದು ಎದ್ದರು, ಕೆಲವರು ಹುಡುಗರ ಜೊತೆ ಸೇರಲೆಂದು ಎದ್ದರು. ಒಂದು ಕೇರಿಯ ಗದ್ದಲಕ್ಕೆ ಇನ್ನೊಂದು ಕೇರಿ ಸೊಪ್ಪು ಹಾಕಬಾರದೆಂಬ ಛಲ ಬೆಳೆಯಿತು. ಹುಡುಗರಾಟ ದೊಡ್ಡವರ ಪಂಥವಾಯಿತು. 1871ರ ಹೊತ್ತಿಗೆ ಊರಿನ ಕೇರಿಗಳೆಲ್ಲ ಎರಡು ಬಣಗಳಾಗಿ ಕೂಡಿಕೊಂಡವು. ಸಾನ್ ಸಾಲ್ವದೋರ್ ಒಂದು, ಎಲ್ ಕಾರ್ಮೆನ್ ಇನ್ನೊಂದು. ಮೊದಲನೆಯದರ ಲಾಂಛನ ಹುಂಜ, ಎರಡನೆಯದರ ಲಾಂಛನ ಗಿಡುಗ. ಡಿಸೆಂಬರ್ 24ರ ರಾತ್ರಿ ಈ ಎರಡು ಬಣಗಳ ನಡುವೆ ನಡೆಯುವ ಸ್ಪರ್ಧೆಯೇ ಇಂದು ಲೋಕಪ್ರಸಿದ್ಧವಾಗಿರುವ ಪರಾಂದಾ.

ಈ ಪರಾಂದಾದ ಬಗೆಯನ್ನು ಸ್ವಲ್ಪ ವಿವರಿಸಲೇಬೇಕು. ಚೌಕದ ಒಂದೊಂದು ಬದಿಯಲ್ಲಿ ಒಂದೊಂದು ಬಣದವರು ಹಲವು ಮಹಡಿಗಳೆತ್ತರದ ಮರದ ಚೌಕಟ್ಟನ್ನು ನಿಲ್ಲಿಸಿ, ಸಾವಿರಾರು ದೀಪಗಳಿಂದ ಅಲಂಕರಿಸುತ್ತಾರೆ. ಜೊತೆಗೆ ಯಾವುದಾದರೊಂದು ಪುರಾಣವನ್ನೋ ಚರಿತ್ರೆಯ ಕಥೆಯನ್ನೋ ಪ್ರದರ್ಶಿಸುವ ತೇರು ಬರುತ್ತದೆ. ಅದರ ಮೇಲೆ ವೇಷಧಾರಿಗಳು ಗೊಂಬೆಗಳಂತೆ ಅಲುಗಾಡದೆ ನಿಂತಿರುತ್ತಾರೆ. ಇವೆಲ್ಲದರ ತಯಾರಿ ತಿಂಗಳುಗಟ್ಟಲೆ ಮುಚ್ಚಿದ ಕೊಟ್ಟಿಗೆಗಳಲ್ಲಿ ನಡೆಯುತ್ತದೆ. ಎದುರು ಬಣದವರಿಗೆ ಸುಳಿವು ಸಿಗಬಾರದು; ಸಿಗಲೆಂದು ಗೂಢಚಾರರನ್ನು ಬಿಡುವುದೂ ಆಟದ ಒಂದು ಅಂಗ. ಬಡಗಿ, ವಿದ್ಯುತ್ ಕೆಲಸದವ, ದರ್ಜಿ, ಶಾಲಾಮಾಸ್ತರ, ಅಜ್ಜಿ, ಮೊಮ್ಮಗ ಎಲ್ಲರಿಗೂ ಅಲ್ಲಿ ಕೆಲಸವಿದೆ. ಆ ರಾತ್ರಿ ಎರಡು ಕಡೆಯವರೂ ಸರದಿಯ ಮೇಲೆ ಸಿಡಿಮದ್ದುಗಳನ್ನು ಹಾರಿಸುತ್ತ ಬೆಳಗು ಮಾಡುತ್ತಾರೆ. ತೀರ್ಪುಗಾರರು ಯಾರೂ ಇಲ್ಲ. ಬೆಳಗಾದ ಮೇಲೆ ಎರಡು ಬಣದವರೂ ತಾವೇ ಗೆದ್ದೆವೆಂದು ಘೋಷಿಸಿಕೊಳ್ಳುತ್ತಾರೆ. ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾವು ಬೇರೆಲ್ಲೂ ಕಂಡಿಲ್ಲ.

ಈ ಪದ್ಧತಿ ಸುತ್ತಮುತ್ತಲಿನ ಊರುಗಳಿಗೂ ಹಬ್ಬಿತು. ಕಾಮಹುಆನಿ ಎಂಬಲ್ಲಿ ಆಡುಗಳ ಬಣಕ್ಕೂ ಕಪ್ಪೆಗಳ ಬಣಕ್ಕೂ ಪಂಥ. ಹವಾನಾ ಸಮೀಪದ ಬೆಹುಕಾಲ್ ಪಟ್ಟಣದಲ್ಲಿ ಬೆಳ್ಳಿಯ ಬೂರುಗದ ಮರಕ್ಕೂ ಚಿನ್ನದ ಮುಳ್ಳಿಗೂ ಪಂಥ. ಅಲ್ಲಿ ಇದನ್ನು ಚರಾಂಗಾ ಎನ್ನುತ್ತಾರೆ. 2018ರಲ್ಲಿ ಯುನೆಸ್ಕೊ ಸಂಸ್ಥೆ ಮಧ್ಯ ಕ್ಯೂಬಾದ ಹದಿನೆಂಟು ಊರುಗಳ ಪರಾಂದಾಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಳಗಿನ ಪೂಜೆಗೆ ಜನ ಸಾಲದೆ ಕೊರಗಿದ ಗುರುವೊಬ್ಬರ ಉಪಾಯ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ!

ರೆಮೆದಿಯೋಸಿನ ಕಥೆ ನಗೆಯನ್ನು ತರಿಸುವಂಥದು. ಹವಾನಾ ನಗರದ ಮೂರು ರಾಯರ ಹಬ್ಬದ ಕಥೆ ಹಾಗಲ್ಲ. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ವರೆಗೆ ಏಳೆಂಟು ಲಕ್ಷದಷ್ಟು ಆಫ್ರಿಕದ ಜನರನ್ನು ಸಂಕೋಲೆ ತೊಡಿಸಿ ಕ್ಯೂಬಾಕ್ಕೆ ತರಲಾಯಿತು. ಅವರಲ್ಲಿ ಹೆಚ್ಚಿನವರು ಬಂದದ್ದು ಸಕ್ಕರೆಯ ವ್ಯಾಪಾರ ಕುದುರಿದ ಕೊನೆಯ ಒಂದು ಶತಮಾನದಲ್ಲಿ. ತಂದ ಕೂಡಲೇ ಜ್ಞಾನಸ್ನಾನ ಕೊಡಿಸುವುದು ಕಾನೂನು. ನಗರಗಳಲ್ಲಿ ಒಂದೊಂದು ಆಫ್ರಿಕದ ಕುಲದವರೂ ಒಬ್ಬ ಸಂತರ ಪಾಲನೆಯಲ್ಲಿ ಕಬಿಲ್ದೊ ಎಂಬ ಸಂಘವನ್ನು ಕಟ್ಟಿಕೊಳ್ಳಲು ಅನುಮತಿಯಿತ್ತು. ಲುಕುಮಿ, ಕಾಂಗೊ, ಕರಬಲಿ, ಅರಾರಾ, ಮಂದಿಂಗಾ ಎಂದು ಅವುಗಳ ಹೆಸರುಗಳು. ಕಾಯಿಲೆಯವರಿಗೆ ನೆರವು, ಸತ್ತವರಿಗೆ ಸಂಸ್ಕಾರ, ಸಾಧ್ಯವಾದರೆ ಹಣ ಕೂಡಿಸಿ ಒಬ್ಬಿಬ್ಬರ ಬಿಡುಗಡೆ, ಇವು ಅವುಗಳ ಕೆಲಸ. ನಮ್ಮ ಧರ್ಮಕೇಂದ್ರಗಳ ಹಳೆಯ ಸಂಘಗಳನ್ನು ಬಲ್ಲವರಿಗೆ ಇವುಗಳ ಸ್ವರೂಪ ಅಪರಿಚಿತವೆನಿಸದು.

ವರ್ಷದಲ್ಲಿ ಒಂದು ದಿನ, ಜನವರಿ 6ರಂದು, ಈ ಸಂಘಗಳಿಗೆ ಹವಾನಾ ನಗರದ ಬೀದಿಗಳನ್ನು ಬಿಟ್ಟುಕೊಡಲಾಗುತ್ತಿತ್ತು. ಬೆತ್ಲೆಹೇಮಿಗೆ ಬಂದ ಮೂವರು ರಾಯರಲ್ಲಿ ಒಬ್ಬರು ಕಪ್ಪು ವರ್ಣದವರೆಂಬುದು ಹಳೆಯ ಸಂಪ್ರದಾಯವಷ್ಟೆ? ಆ ನೆನಪೇ ಇದಕ್ಕೆ ಆಧಾರವಾಗಿದ್ದೀತು. ಪ್ರತಿಯೊಂದು ಕಬಿಲ್ದೊ ತನ್ನದೇ ಆದ ರಾಜನನ್ನು ಮುಂದಿಟ್ಟುಕೊಂಡು, ಡೋಲುಗಳನ್ನು ಬಡಿಯುತ್ತ, ತನ್ನ ನಾಡಿನ ಭಾಷೆಯಲ್ಲಿ ಹಾಡುತ್ತ ಹೊರಡುತ್ತಿತ್ತು. ರಾಜನು ಯಾವನೋ ಅಧಿಕಾರಿಯ ಹಳೆಯ ಸಮವಸ್ತ್ರವನ್ನು ತೊಟ್ಟು, ಟೊಪ್ಪಿಗೆ ಧರಿಸಿ, ಕೋಲು ಹಿಡಿದು ಗಂಭೀರವಾಗಿ ನಡೆಯುತ್ತಿದ್ದನು. ಮೆರವಣಿಗೆಗಳೆಲ್ಲ ಶಸ್ತ್ರಚೌಕದಲ್ಲಿದ್ದ ಮಹಾದಂಡನಾಯಕರ ಅರಮನೆಯ ಅಂಗಳಕ್ಕೆ ಬರುತ್ತಿದ್ದವು. ಅಲ್ಲಿ ಕುಣಿತವಾದ ಮೇಲೆ ಅರಮನೆಯಿಂದ ಕಾಣಿಕೆಯ ಹಣ ಸಿಗುತ್ತಿತ್ತು. ಸಂಜೆಗೆ ಎಲ್ಲ ಮುಗಿಯುತ್ತಿತ್ತು. ಮರುದಿನ ರಾಜನು ಮತ್ತೆ ಗುಲಾಮ.

ಸ್ಪೇನಿನಿಂದ ಬಂದು ಹವಾನಾದಲ್ಲಿ ನೆಲೆಸಿದ ಚಿತ್ರಕಾರ ವಿಕ್ತೋರ್ ಪತ್ರೀಸಿಯೊ ಲಾಂದಲೂಸೆ ಈ ಹಬ್ಬವನ್ನು ಬಣ್ಣಗಳಲ್ಲಿ ಹಿಡಿದಿಟ್ಟಿದ್ದಾನೆ. ಅವನ ಚಿತ್ರಗಳಲ್ಲಿ ಕಾಣುವುದು ಉಲ್ಲಾಸ ಮಾತ್ರ. ಆಳುವವರು ಇದನ್ನು ಬಿಟ್ಟಿದ್ದು ಔದಾರ್ಯದಿಂದಲ್ಲ, ಒಂದು ದಿನದ ಬಿಡುವು ಕೊಟ್ಟರೆ ಉಳಿದ ದಿನಗಳು ಶಾಂತವಾಗಿರುತ್ತವೆಂಬ ಲೆಕ್ಕಾಚಾರದಿಂದ ಎಂದು ಕೆಲವರು ಬರೆದಿದ್ದಾರೆ. ಅದು ನಿಜವಿರಬಹುದು. ಆದರೆ ಆ ಒಂದು ದಿನದಲ್ಲಿ ತಾಯ್ನುಡಿಯ ಹಾಡು ಮಕ್ಕಳ ಕಿವಿಗೆ ಬೀಳುತ್ತಿತ್ತು, ಡೋಲಿನ ಗತ್ತು ಕೈಯಿಂದ ಕೈಗೆ ಬರುತ್ತಿತ್ತು ಎಂಬುದನ್ನು ನಾವು ಮರೆಯಲಾಗದು. 1880ರ ದಶಕದ ನಡುವಿನಲ್ಲಿ ಸರಕಾರ ಈ ಮೆರವಣಿಗೆಗಳನ್ನು ನಿಷೇಧಿಸಿತು. 1886ರಲ್ಲಿ ಗುಲಾಮಗಿರಿಯೇ ರದ್ದಾಯಿತು. ಗುಲಾಮರಾಗಿದ್ದಾಗ ಬೀದಿಯಲ್ಲಿ ಕುಣಿಯಲು ಅಪ್ಪಣೆಯಿದ್ದ ಜನರಿಗೆ ಸ್ವತಂತ್ರರಾಗುವ ಹೊತ್ತಿಗೆ ಆ ಅಪ್ಪಣೆ ತಪ್ಪಿಹೋಗಿತ್ತೆಂಬುದು ಚರಿತ್ರೆಯ ವಿಪರ್ಯಾಸ. ಗಣರಾಜ್ಯದ ಕಾಲದಲ್ಲಿಯೂ ಕಪ್ಪು ಜನರ ಕುಣಿತದ ತಂಡಗಳನ್ನು, ಅಂದರೆ ಕೊಂಪಾರ್ಸಗಳನ್ನು, ಬಹುಕಾಲ ಬೀದಿಗೆ ಬಿಡಲಿಲ್ಲ. ಓರ್ತಿಸ್ ಮೊದಲಾದ ವಿದ್ವಾಂಸರ ಬೆಂಬಲದಿಂದ 1937ರಲ್ಲಿ ಅವು ಹವಾನಾದ ಕಾರ್ನಿವಲಿನಲ್ಲಿ ಮತ್ತೆ ಕಾಣಿಸಿಕೊಂಡವು.

ಇನ್ನು ದ್ವೀಪದ ಪೂರ್ವದ ಅಂಚಿಗೆ ಬರೋಣ. 1515ರಲ್ಲಿ ಸ್ಥಾಪಿತವಾದ ಸಾಂತಿಯಾಗೊ ನಗರಕ್ಕೆ ಸಂತ ಯಾಗಪ್ಪನವರು ಪಾಲಕರು. ಸ್ಪೇನಿನವರ ಯಾಗೊ, ನಮ್ಮ ಯಾಗಪ್ಪ, ಎರಡೂ ಬೈಬಲಿನ ಯಕೋಬ ಎಂಬ ಒಂದೇ ಹೆಸರಿನ ಎರಡು ರೂಪಗಳು. ಅವರ ಹಬ್ಬ ಜುಲೈ 25, ಮರುದಿನ ಸಂತ ಅನ್ನಮ್ಮನವರ ಹಬ್ಬ. ಇತರ ಕಡೆಗಳಲ್ಲಿ ಕಾರ್ನಿವಲ್ ತಪಸ್ಸುಕಾಲದ ಮುನ್ನ ಬರುತ್ತದೆ. ಸಾಂತಿಯಾಗೊದಲ್ಲಿ ಮಾತ್ರ ಜುಲೈನಲ್ಲಿ. ಕಾರಣವನ್ನು ಹುಡುಕಬೇಕಾದದ್ದು ಕಬ್ಬಿನ ಗದ್ದೆಯಲ್ಲಿ. ಕಬ್ಬು ಕಡಿದು ಅರೆಯುವ ಕೆಲಸ ಚಳಿಗಾಲದಲ್ಲಿ ಆರಂಭವಾಗಿ ಬೇಸಿಗೆಯ ಮೊದಲಿಗೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಕೂಲಿಯವನಿಗೆ ಉಸಿರಾಡಲೂ ಬಿಡುವಿಲ್ಲ. ಕೆಲಸ ತೀರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಬರುವ ಹಬ್ಬಗಳೆಂದರೆ ಜೂನ್ 24ರ ಅರುಳಪ್ಪ, 29ರ ರಾಯಪ್ಪ, ಜುಲೈನ ಯಾಗಪ್ಪ ಮತ್ತು ಅನ್ನಮ್ಮ. ಜನರು ಈ ದಿನಗಳನ್ನು ಹಿಡಿದುಕೊಂಡರು. ವಿಚಿತ್ರ ವೇಷಗಳನ್ನು ತೊಟ್ಟು ತಿರುಗುತ್ತಿದ್ದುದರಿಂದ ಅವಕ್ಕೆ ಮಮರಾಚೊ ಎಂಬ ಹೆಸರು ಬಿತ್ತು. ಬಲಿಪೀಠದ ಹಬ್ಬಕ್ಕೂ ಬೀದಿಯ ಹಬ್ಬಕ್ಕೂ ದಿನ ಒಂದೇ, ಧಾಟಿ ಬೇರೆ.

ಸಾಂತಿಯಾಗೊದ ಸಂಗೀತದಲ್ಲಿ ಮೂರು ಖಂಡಗಳು ಕೂಡಿವೆ. 1791ರಲ್ಲಿ ನೆರೆಯ ಹೈಟಿಯಲ್ಲಿ ಗುಲಾಮರ ದಂಗೆ ಎದ್ದಾಗ ಫ್ರೆಂಚ್ ಒಡೆಯರು ತಮ್ಮ ಆಳುಗಳ ಸಮೇತ ಇಲ್ಲಿಗೆ ಓಡಿಬಂದರು. ಆ ಆಳುಗಳು ಒಡೆಯರ ನೃತ್ಯದ ನಡೆಗಳನ್ನು ಆಫ್ರಿಕದ ಡೋಲುಗಳಿಗೆ ಹೊಂದಿಸಿ ಕುಣಿದದ್ದೇ ತುಂಬಾ ಫ್ರಾನ್ಸೆಸಾ. 1847ರಿಂದ 1874ರ ವರೆಗೆ ಸುಮಾರು ಒಂದೂಕಾಲು ಲಕ್ಷ ಚೀನೀ ಕೂಲಿಗಳು ಕರಾರಿನ ಮೇಲೆ ಕ್ಯೂಬಾಕ್ಕೆ ಬಂದರು. ಅವರ ಒಂದು ಊದುವಾದ್ಯ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸಾಂತಿಯಾಗೊದ ಕುಣಿತದ ತಂಡಗಳನ್ನು ಸೇರಿಕೊಂಡಿತು. ಅದು ನಮ್ಮ ಓಲಗದ ವಂಶದ್ದೇ. ಅದೇ ಜೋಡಿ ನಾಲಗೆಯ ಪೀಪಿ, ಅದೇ ಬಿಚ್ಚುಗಂಟಲು. ಇಂದು ಆ ನಗರದಲ್ಲಿ ಆ ದನಿ ಎದ್ದಿತೆಂದರೆ ಮನೆಯೊಳಗಿದ್ದವರು ಬಾಗಿಲಿಗೆ ಬರುತ್ತಾರೆ, ಬಾಗಿಲಲ್ಲಿದ್ದವರು ಬೀದಿಗಿಳಿಯುತ್ತಾರೆ, ತಂಡದ ಹಿಂದೆ ಸಾವಿರಾರು ಜನರ ಪ್ರವಾಹವೇ ಹರಿಯುತ್ತದೆ.

1953ರ ಜುಲೈ 26ರಂದು, ಇದೇ ಹಬ್ಬದ ಗದ್ದಲದ ಮರೆಯಲ್ಲಿ, ಫಿಡೆಲ್ ಕ್ಯಾಸ್ಟ್ರೊ ಮತ್ತವರ ಸಂಗಡಿಗರು ಮೊಂಕಾದಾ ಸೈನಿಕ ಶಿಬಿರದ ಮೇಲೆ ದಾಳಿ ಮಾಡಿದರು. ದಾಳಿ ಸೋತಿತು, ಆದರೆ ಆರು ವರ್ಷಗಳಲ್ಲಿ ಅವರು ಅಧಿಕಾರಕ್ಕೆ ಬಂದರು. ಸಂತ ಅನ್ನಮ್ಮನವರ ಹಬ್ಬದ ದಿನವು ಅಂದಿನಿಂದ ರಾಷ್ಟ್ರೀಯ ದಿನವಾಯಿತು.

ಕಾಮಗ್ವೇ ನಗರದಲ್ಲಿ ಜೂನ್ 24ರಿಂದ 29ರ ವರೆಗೆ ಉತ್ಸವ. ನೆರೆಹೊರೆಯವರು ಸೇರಿ ಬೀದಿಯಲ್ಲೇ ಒಲೆ ಹೂಡಿ, ಮಾಂಸ, ಗೆಣಸು, ಮೆಕ್ಕೆಜೋಳ, ಬಾಳೆಕಾಯಿಗಳನ್ನು ಒಂದೇ ಹಂಡೆಯಲ್ಲಿ ಹಾಕಿ ಅಹಿಯಾಕೊ ಎಂಬ ಸಾರನ್ನು ಕುದಿಸುತ್ತಾರೆ. ಕೊನೆಯ ದಿನ ಸಂತ ರಾಯಪ್ಪನ ಅಣಕು ಶವಯಾತ್ರೆ, ಹುಸಿ ಅಳು; ಅಲ್ಲಿಗೆ ಹಬ್ಬ ಮುಗಿಯಿತು. ತನ್ನ ನಾಡಿನ ಜನಾಂಗವೇ ಇಂಥ ಒಂದು ಅಹಿಯಾಕೊ ಎಂದು ಓರ್ತಿಸ್ 1939ರ ಉಪನ್ಯಾಸವೊಂದರಲ್ಲಿ ಹೇಳಿದ್ದು ಪ್ರಸಿದ್ಧವಾಗಿದೆ. ಓಲ್ಗಿನ್ ನಗರದಲ್ಲಿ 1790ರ ಮೇ 3ರಂದು ಗುಡ್ಡದ ನೆತ್ತಿಯಲ್ಲಿ ಶಿಲುಬೆಯನ್ನು ನೆಟ್ಟರು. 450ಕ್ಕೂ ಹೆಚ್ಚು ಮೆಟ್ಟಿಲುಗಳನ್ನೇರಿ ಅಲ್ಲಿಗೆ ಹೋಗುವ ಯಾತ್ರೆ ನಡುವೆ ನಿಂತುಹೋಗಿದ್ದು, 1990ರ ದಶಕದಲ್ಲಿ ತರುಣ ಕಲಾವಿದರಿಂದ ಹೊಸ ರೂಪದಲ್ಲಿ ಮತ್ತೆ ಆರಂಭವಾಯಿತು. ಹವಾನಾದವರು ನವೆಂಬರ್ 15ರ ರಾತ್ರಿ, ಸಂತ ಕ್ರಿಸ್ಟೋಫರರ ಹೆಸರಿನ ತಮ್ಮ ನಗರದ ಹುಟ್ಟುಹಬ್ಬದಂದು, 1519ರಲ್ಲಿ ಮೊದಲ ಬಲಿಪೂಜೆ ನಡೆಯಿತೆಂದು ನಂಬಲಾದ ಸ್ಥಳದ ಬೂರುಗದ ಮರವನ್ನು ಮೌನವಾಗಿ ಮೂರು ಸುತ್ತು ಬಂದು ಮನಸ್ಸಿನಲ್ಲೇ ಹರಕೆ ಮಾಡಿಕೊಳ್ಳುತ್ತಾರೆ. ಹಳೆಯ ಮರ ಒಣಗಿದಾಗಲೆಲ್ಲ ಹೊಸದನ್ನು ನೆಟ್ಟಿದ್ದಾರೆ.

ಇವೆಲ್ಲಕ್ಕೂ ಮಿಗಿಲಾದ ಹಬ್ಬವೊಂದು ಉಳಿದಿದೆ. ಸೆಪ್ಟೆಂಬರ್ 8ರಂದು ಮಂಗಳೂರಿನ ಕಡೆಯವರು ಹೊಸ ತೆನೆಯೊಡನೆ ಮೋಂತಿ ಹಬ್ಬ ಆಚರಿಸುತ್ತಾರೆ. ಬೆಂಗಳೂರಿನ ಶಿವಾಜಿನಗರದಲ್ಲಿ ಮರಿಯಮ್ಮನವರ ತೇರು ಎಳೆಯುತ್ತಾರೆ. ಮಾತೆ ಮರಿಯಮ್ಮನವರ ಜನನದ ಅದೇ ದಿನ ಕ್ಯೂಬಾದವರಿಗೆ ಎಲ್ ಕೋಬ್ರೆಯ ಪ್ರೇಮಮಾತೆಯ ಹಬ್ಬ.

ಎಲ್ ಕೋಬ್ರೆ ಎಂದರೆ ತಾಮ್ರ. ಸಾಂತಿಯಾಗೊ ಸಮೀಪದ ಆ ಗುಡ್ಡಗಳಲ್ಲಿ ತಾಮ್ರದ ಗಣಿಗಳಿದ್ದವು. ಗಣಿಯಾಳುಗಳಿಗೆ ಮಾಂಸ ಒದಗಿಸಲು ದೂರದ ಬರಹಾಗ್ವಾದಲ್ಲಿ ದನದ ಹಟ್ಟಿಯಿತ್ತು. ಮಾಂಸ ಕೆಡದಿರಲು ಉಪ್ಪು ಬೇಕಷ್ಟೆ? 1612ರಲ್ಲಿ ರೊದ್ರೀಗೊ ಮತ್ತು ಹ್ವಾನ್ ದೆ ಒಯೋಸ್ ಎಂಬ ಮೂಲನಿವಾಸಿ ಸೋದರರಿಬ್ಬರು, ಹ್ವಾನ್ ಮೊರೇನೊ ಎಂಬ ಹತ್ತು ವರ್ಷದ ಆಫ್ರಿಕ ಮೂಲದ ಗುಲಾಮ ಬಾಲಕನೊಡನೆ ನೀಪೆ ಕೊಲ್ಲಿಗೆ ಉಪ್ಪಿಗಾಗಿ ಹೋದರು. ಕಡಲು ಶಾಂತವಾಗುವುದನ್ನು ಕಾದು ಬೆಳಗಿನ ಜಾವ ಚಿಕ್ಕ ದೋಣಿಯಲ್ಲಿ ಹೊರಟಾಗ ನೀರಿನ ನೊರೆಯ ಮೇಲೆ ಬೆಳ್ಳಗೆ ಏನೋ ತೇಲುತ್ತಿತ್ತು. ಹಕ್ಕಿಯೆಂದುಕೊಂಡರು. ಸಮೀಪಕ್ಕೆ ಬಂದಾಗ ಹಲಗೆಯೊಂದರ ಮೇಲೆ ನಿಂತಿದ್ದ ಪುಟ್ಟ ಮಾತೆಯ ಸ್ವರೂಪ ಕಾಣಿಸಿತು, ತೋಳಿನಲ್ಲಿ ಬಾಲಯೇಸು. ಹಲಗೆಯ ಮೇಲೆ ‘ನಾನು ಪ್ರೇಮಮಾತೆ’ ಎಂಬರ್ಥದ ಬರಹ. ಉಡುಗೆ ನೆನೆದಿರಲಿಲ್ಲವೆಂದು ಆ ಬಾಲಕನು ಮುಂದೆ, ತನ್ನ ಎಂಬತ್ತೈದನೆಯ ವಯಸ್ಸಿನಲ್ಲಿ, 1687ರಲ್ಲಿ ಧರ್ಮಸಭೆಯ ಅಧಿಕಾರಿಗಳ ಮುಂದೆ ಪ್ರಮಾಣ ಮಾಡಿ ಸಾಕ್ಷ್ಯ ನುಡಿದನು. ಆ ಸಾಕ್ಷ್ಯದ ದಾಖಲೆ ಸ್ಪೇನಿನ ಸೆವಿಲ್ಯಾದ ಇಂಡೀಸ್ ದಫ್ತರಖಾನೆಯಲ್ಲಿ ಇಂದಿಗೂ ಇದೆ. ಗುಲಾಮನ ಮಾತನ್ನು ಬರೆದಿಟ್ಟುಕೊಳ್ಳುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಇದನ್ನು ಸಣ್ಣ ಸಂಗತಿಯೆಂದು ನಾವು ಎಣಿಸಲಾರೆವು.

ಮೊಳದುದ್ದವೂ ಇಲ್ಲದ ಆ ಸ್ವರೂಪವನ್ನು ತಾಮ್ರದ ಗಣಿಯ ಊರಿಗೆ ಒಯ್ದರು. ಗಣಿಯ ಆಳುಗಳು ರಾಜನ ಸ್ವತ್ತಾದ ಗುಲಾಮರು. ಅವರು ಮಾತೆಯನ್ನು ತಮ್ಮವರೆಂದೇ ತಿಳಿದರು. 1731ರಲ್ಲಿ ದಂಗೆಯೆದ್ದು ಗುಡ್ಡ ಹತ್ತಿದರು. ದಶಕಗಳ ಹೋರಾಟದ ಬಳಿಕ 1800ರಲ್ಲಿ ಅವರ ಬಿಡುಗಡೆಯ ರಾಜಾಜ್ಞೆ ಹೊರಟಿತು, ಮರುವರ್ಷ ಅದನ್ನು ಜನರಿಗೆ ಓದಿ ಹೇಳಲಾಯಿತು. ಉಳಿದ ಕ್ಯೂಬಾದಲ್ಲಿ ಗುಲಾಮಗಿರಿ ಅಳಿಯಲು ಇನ್ನೂ 86 ವರ್ಷಗಳಿದ್ದವು. ಸ್ಪೇನಿನ ವಿರುದ್ಧ ಸ್ವಾತಂತ್ರ್ಯಸಮರ ಹೂಡಿದವರೂ ಈ ಮಾತೆಯ ಭಕ್ತರೇ. 1915ರಲ್ಲಿ ಆ ಯೋಧರು ಎಲ್ ಕೋಬ್ರೆಯಲ್ಲಿ ಕೂಡಿ, ಈಕೆಯನ್ನು ನಮ್ಮ ನಾಡಿನ ಪಾಲಕಿಯೆಂದು ಸಾರಬೇಕೆಂದು ಜಗದ್ಗುರು ಹದಿನೈದನೆಯ ಬೆನೆಡಿಕ್ಟರಿಗೆ ಮನವಿ ಬರೆದರು. 1916ರ ಮೇ 10ರಂದು ಮನವಿ ಈಡೇರಿತು. ಪಾಲಕಿಯನ್ನು ಬೇಡಿದವರು ಯುದ್ಧದಲ್ಲಿ ಮುಪ್ಪಾದ ಸಿಪಾಯಿಗಳೆಂಬುದು ಗಮನಾರ್ಹ.

ಜನರು ಕಾಲಕ್ರಮದಲ್ಲಿ ಈ ಕಥೆಯನ್ನು ತುಸು ತಿದ್ದಿಕೊಂಡರು. ಮನೆಮನೆಯಲ್ಲಿ ಪೂಜಿಸುವ ಚಿತ್ರಗಳಲ್ಲಿ ದೋಣಿಯಲ್ಲಿರುವವರು ಇಬ್ಬರು ಮೂಲನಿವಾಸಿಗಳು ಮತ್ತು ಒಬ್ಬ ಕಪ್ಪು ಬಾಲಕ ಅಲ್ಲ. ಒಬ್ಬ ಬಿಳಿಯ, ಒಬ್ಬ ಮೂಲನಿವಾಸಿ, ಒಬ್ಬ ಕಪ್ಪು ವರ್ಣದವ, ಮೂವರ ಹೆಸರೂ ಹ್ವಾನ್. ದಾಖಲೆಗೆ ಇದು ಒಪ್ಪುವುದಿಲ್ಲ. ಆದರೆ ದೋಣಿಯಲ್ಲಿ ಎಲ್ಲರಿಗೂ ಜಾಗ ಮಾಡಿಕೊಡುವ ಆ ತಿದ್ದುಪಡಿಯನ್ನು ಒರೆಸಿಹಾಕಲು ಯಾರಿಗೂ ಮನಸ್ಸು ಬಂದಿಲ್ಲ.

ಇಲ್ಲೊಂದು ಸೂಕ್ಷ್ಮ ವಿಚಾರವನ್ನು ಮುಚ್ಚಿಡದೆ ಹೇಳಬೇಕು. ಆಫ್ರಿಕದ ಲುಕುಮಿ ಜನರು ತಮ್ಮ ದೇವತೆಗಳನ್ನು ನಮ್ಮ ಸಂತರ ಮರೆಯಲ್ಲಿ ಉಳಿಸಿಕೊಂಡರು. ಎಲ್ ಕೋಬ್ರೆಯ ಮಾತೆಯಲ್ಲಿ ಹೊನ್ನಿನ, ನದಿಯ ದೇವಿ ಓಶುನಳನ್ನೂ, ಹವಾನಾ ಬಂದರಿನ ಎದುರಿಗಿರುವ ರೆಗ್ಲಾದ ಕಪ್ಪು ಮಾತೆಯಲ್ಲಿ ಕಡಲದೇವಿ ಯೆಮಾಯಾಳನ್ನೂ ಕಾಣುವವರು ಅಸಂಖ್ಯ. ಡಿಸೆಂಬರ್ 17ರಂದು ಹವಾನಾದ ಹೊರವಲಯದ ಎಲ್ ರಿಂಕೋನ್ ದೇವಾಲಯಕ್ಕೆ ಸಂತ ಲಾಜರನ ಹೆಸರಿನಲ್ಲಿ ಜನ ಮುಗಿಬೀಳುತ್ತಾರೆ. ಗೋಣಿಬಟ್ಟೆ ತೊಟ್ಟು, ಕಾಲಿಗೆ ಕಲ್ಲು ಕಟ್ಟಿಕೊಂಡು, ಮಣ್ಣಿನಲ್ಲಿ ತೆವಳುತ್ತ ಹರಕೆ ತೀರಿಸುವವರ ಮೈಯಿಂದ ರಕ್ತ ಒಸರುತ್ತಿರುತ್ತದೆ. ಅವರು ಅರಸಿ ಬರುವುದು ಊರುಗೋಲು ಹಿಡಿದು ನಾಯಿಗಳೊಡನೆ ನಿಂತ ಬಡ ಲಾಜರನನ್ನು. ಧರ್ಮಸಭೆಯ ಪಂಚಾಂಗದಲ್ಲಿ ಅವನು ಸಂತನಲ್ಲ; ಪ್ರಭು ಯೇಸು ಹೇಳಿದ ಸಾಮತಿಯ ಒಂದು ಪಾತ್ರ. ಅಲ್ಲಿನ ಗುರುಗಳು ಇದನ್ನು ವಿವರಿಸುತ್ತಲೇ ಬಂದಿದ್ದಾರೆ, ಜನರು ತೆವಳುತ್ತಲೇ ಬಂದಿದ್ದಾರೆ. ಆ ದೇವಾಲಯದ ಪಕ್ಕದಲ್ಲಿಯೇ ಕುಷ್ಠರೋಗಿಗಳ ಆಸ್ಪತ್ರೆಯಿದ್ದು, ಕನ್ಯಾಸ್ತ್ರೀಯರು ರೋಗಿಗಳ ಸೇವೆ ಮಾಡುತ್ತ ಬಂದರು. ಬೋಧನೆಯ ದೃಷ್ಟಿಯಿಂದ ಇಲ್ಲಿ ಗೊಂದಲವಿದೆ ಎಂಬುದನ್ನು ನಾವು ಒಪ್ಪುತ್ತೇವೆ. ಹಾಗೆಂದು ತೆವಳುತ್ತಿರುವವನನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವ ಧೈರ್ಯ ನಮಗಂತೂ ಇಲ್ಲ. 1998ರ ಜನವರಿ 24ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಅದೇ ದೇವಾಲಯಕ್ಕೆ ಬಂದು ರೋಗಿಗಳ ನಡುವೆ ಕುಳಿತರು.

ಆ ಭೇಟಿಗೆ ಮುಂಚಿನ ಮೂರುವರೆ ದಶಕಗಳ ಕಥೆ ಸುಲಭದ್ದಲ್ಲ. 1959ರ ಕ್ರಾಂತಿಯ ಬಳಿಕ ಸರಕಾರಕ್ಕೂ ಧರ್ಮಸಭೆಗೂ ನಡುವೆ ಬಿರುಕು ಬೆಳೆಯಿತು. 1961ರಲ್ಲಿ ಕಥೋಲಿಕ ಶಾಲೆಗಳೆಲ್ಲ ಸರಕಾರದ ವಶವಾದವು. ಅದೇ ವರ್ಷ ಸೆಪ್ಟೆಂಬರ್ 10ರಂದು ಹವಾನಾದಲ್ಲಿ ಪ್ರೇಮಮಾತೆಯ ಮೆರವಣಿಗೆಗೆ ನೆರೆದಿದ್ದ ಜನಸ್ತೋಮದ ಮೇಲೆ ಗುಂಡು ಹಾರಿ ತರುಣನೊಬ್ಬನು ಪ್ರಾಣ ಕಳೆದುಕೊಂಡನು. ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 17ರಂದು, ಧರ್ಮಾಧ್ಯಕ್ಷ ಎದ್ವಾರ್ದೊ ಬೋಸಾ ಮಸ್ವಿದಾಲ್ ಅವರನ್ನೂ 131 ಮಂದಿ ಗುರುಗಳನ್ನೂ ಕೊವದೊಂಗಾ ಎಂಬ ಹಡಗಿಗೆ ಹತ್ತಿಸಿ ದೇಶದಿಂದ ಹೊರಗೆ ಕಳುಹಿಸಲಾಯಿತು. ದೇವಾಲಯದ ಬಾಗಿಲಾಚೆಗೆ ಮೆರವಣಿಗೆ ನಿಷಿದ್ಧವಾಯಿತು.

1970ರಲ್ಲಿ ಒಂದು ಕೋಟಿ ಟನ್ ಸಕ್ಕರೆ ತೆಗೆಯಬೇಕೆಂದು ಸರಕಾರ ಪಣ ತೊಟ್ಟಿತು. ಕಬ್ಬು ಕಡಿಯುವ ಕಾಲದಲ್ಲಿ ರಜೆ ಅಡ್ಡಿಯೆಂದು 1969ರಿಂದ ಕ್ರಿಸ್ತಜಯಂತಿಯ ರಜೆಯನ್ನು ತೆಗೆದುಹಾಕಲಾಯಿತು. ತಪಸ್ಸುಕಾಲದ ಮುನ್ನ ನಡೆಯುತ್ತಿದ್ದ ಹವಾನಾದ ಕಾರ್ನಿವಲನ್ನು ಜುಲೈ ತಿಂಗಳಿಗೆ ಸಾಗಿಸಲಾಯಿತು. ಸಕ್ಕರೆ ಸುಮಾರು 85 ಲಕ್ಷ ಟನ್ನಿಗೆ ನಿಂತಿತು. ಕಳೆದುಹೋದ ರಜೆ ಮಾತ್ರ ಇಪ್ಪತ್ತೆಂಟು ವರ್ಷ ಹಿಂದಿರುಗಲಿಲ್ಲ. ಮಕ್ಕಳು ಡಿಸೆಂಬರ್ 25ರಂದು ಎಂದಿನಂತೆ ಶಾಲೆಗೆ ಹೋಗಿ ಬೆಳೆದರು. ಹಂದಿಯ ಹುರಿದ ಮಾಂಸ, ಕರಿ ಅವರೆಯೊಡನೆ ಬೆಂದ ಅನ್ನ, ಬೆಳ್ಳುಳ್ಳಿ ರಸ ಸುರಿದ ಮರಗೆಣಸು, ಕ್ರಿಸ್ತಜಯಂತಿಯ ರಾತ್ರಿಯ ಈ ಊಟವನ್ನು ಬಹಳ ಮನೆಗಳವರು ವರ್ಷದ ಕೊನೆಯ ರಾತ್ರಿಗೆ ಸಾಗಿಸಿಕೊಂಡರು. ಕೆಲವರು ಗೋದಲಿಯನ್ನೂ ಕ್ರಿಸ್ಮಸ್ ಮರವನ್ನೂ ಬೀದಿಯ ಕಿಟಕಿಗೆ ಕಾಣದಂತೆ ಒಳಕೋಣೆಯಲ್ಲಿ ಇರಿಸಿದರು.

1991ರಲ್ಲಿ ಆಳುವ ಪಕ್ಷವು ಆಸ್ತಿಕರಿಗೂ ಸದಸ್ಯತ್ವ ಕೊಡಲು ಒಪ್ಪಿತು. ಮರುವರ್ಷ ಸಂವಿಧಾನದಲ್ಲಿ ನಿರೀಶ್ವರವಾದಿ ರಾಜ್ಯವೆಂಬ ಧೋರಣೆ ಹೋಗಿ ಮತನಿರಪೇಕ್ಷ ರಾಜ್ಯವೆಂಬುದು ಬಂತು. ಜಗದ್ಗುರುಗಳ ಆಗಮನದ ನಿಮಿತ್ತ 1997ರಲ್ಲಿ ಕ್ರಿಸ್ತಜಯಂತಿಗೆ ಒಂದು ವರ್ಷದ ಮಟ್ಟಿಗೆ ರಜೆ ಸಿಕ್ಕಿತು, 1998ರಲ್ಲಿ ಅದು ಕಾಯಮಾಯಿತು. 1998ರ ಜನವರಿಯಲ್ಲಿ ಸಾಂತಿಯಾಗೊದಲ್ಲಿ ಜಗದ್ಗುರುಗಳು ತಮ್ಮ ಕೈಯಾರೆ ಪ್ರೇಮಮಾತೆಗೆ ಕಿರೀಟ ತೊಡಿಸಿದರು. ಮಾತೆಯ ನಾನೂರನೆಯ ವರ್ಷವಾದ 2012ರಲ್ಲಿ ಹದಿನಾರನೆಯ ಬೆನೆಡಿಕ್ಟರು ಎಲ್ ಕೋಬ್ರೆಗೆ ಬಂದು ಚಿನ್ನದ ಗುಲಾಬಿಯನ್ನು ಅರ್ಪಿಸಿದರು. ಅವರ ಕೋರಿಕೆಯ ಮೇರೆಗೆ ಆ ವರ್ಷ ಶುಭ ಶುಕ್ರವಾರಕ್ಕೂ ರಜೆ ದೊರೆಯಿತು. 2015ರಲ್ಲಿ ಜಗದ್ಗುರು ಫ್ರಾನ್ಸಿಸರೂ ಅಲ್ಲಿಗೆ ಬಂದರು.

ಇವೆಲ್ಲ ದೊಡ್ಡವರ ಭೇಟಿಗಳು. ನಮ್ಮ ಗಮನ ಹೋಗುವುದು 1998ರ ಸೆಪ್ಟೆಂಬರ್ 8ರ ಸಂಜೆಯ ಕಡೆಗೆ. ಅಂದು ಹವಾನಾದ ಪ್ರೇಮಮಾತೆಯ ದೇವಾಲಯದಿಂದ, 1961ರ ತರುವಾಯ ಮೊದಲ ಬಾರಿಗೆ, ಮಾತೆಯ ಸ್ವರೂಪ ಬೀದಿಗೆ ಬಂತು. ಹೊತ್ತವರಲ್ಲಿ, ಹಿಂದೆ ನಡೆದವರಲ್ಲಿ, ನಲವತ್ತರೊಳಗಿನ ಯಾರೊಬ್ಬರೂ ಆ ಬೀದಿಯಲ್ಲಿ ಮೆರವಣಿಗೆಯನ್ನು ಕಂಡು ನೆನಪಿಟ್ಟುಕೊಂಡಿರುವ ವಯಸ್ಸಿನವರಲ್ಲ. ಹಾಡುಗಳನ್ನು ಅವರು ಕಲಿತದ್ದು ಮನೆಯೊಳಗೆ, ಅಜ್ಜಿಯಂದಿರಿಂದ. ಆ ಬಳಿಕ ಸೆಪ್ಟೆಂಬರ್ ಬಂತೆಂದರೆ ಅದೇ ಬೀದಿಗಳಲ್ಲಿ ಹಳದಿ ಉಡುಪಿನ ಹೆಂಗಸರು, ಸೂರ್ಯಕಾಂತಿ ಹೂಗಳನ್ನು ಹಿಡಿದ ಮಕ್ಕಳು, ಉಪ್ಪರಿಗೆಯಿಂದ ಕೈಮುಗಿಯುವ ಮುದುಕರು ಕಾಣಸಿಗುತ್ತಾರೆ. ಎಲ್ ಕೋಬ್ರೆಗೆ ಹೋದವರು ಅಲ್ಲಿನ ಗಣಿಯ ತಾಮ್ರ ಮಿನುಗುವ ಪುಟ್ಟ ಕಲ್ಲೊಂದನ್ನು ಮನೆಗೆ ತಂದು ಮಾತೆಯ ಪಟದ ಮುಂದೆ ಇರಿಸಿಕೊಳ್ಳುತ್ತಾರೆ.